ಬಿಸಿ ಕಾಣುವ ಕ್ಯಾಮೆರಾ, ಗಂಟು ಹುಡುಕುವ ಕೈ

ಕ್ಯಾನ್ಸರ್ ಗಡ್ಡೆ ತನ್ನ ಸುತ್ತಲಿನ ಅಂಗಾಂಶಕ್ಕಿಂತ ತುಸು ಬಿಸಿ. ಈ ಒಂದು ಸಂಗತಿಯನ್ನು ನೆಚ್ಚಿಕೊಂಡು ಹತ್ತಿರ ಹತ್ತಿರ ಎಪ್ಪತ್ತು ವರ್ಷಗಳಿಂದ ಒಂದು ದೊಡ್ಡ ಆಸೆ ಬೆಳೆದು ಬಂದಿದೆ. ಮುಟ್ಟದೆ, ಒತ್ತದೆ, ಎಕ್ಸ್‌ರೇ ಹಾಯಿಸದೆ, ಫೋಟೊ ತೆಗೆದಷ್ಟೇ ಸಲೀಸಾಗಿ ಸ್ತನ ಕ್ಯಾನ್ಸರನ್ನು ಹಿಡಿಯಬಹುದಲ್ಲ ಎಂಬ ಆಸೆ. ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕುಗಳ ಹಿನ್ನೆಲೆಯಲ್ಲಿ ನೋಡಿದರೆ ಈ ಆಸೆ ಇನ್ನಷ್ಟು ಹಿಗ್ಗುತ್ತದೆ. ಎರಡೂ ತಾಲ್ಲೂಕು ಸೇರಿದರೆ ಆರು ಲಕ್ಷಕ್ಕೂ ಹೆಚ್ಚು ಜನ. ಹುಲ್ಲಹಳ್ಳಿ, ದೊಡ್ಡ ಕವಲಂದೆ, ಮೂಗೂರು, ತಲಕಾಡಿನ ಸುತ್ತಲ ಹಳ್ಳಿಗಳಿಗೆಲ್ಲ ಮ್ಯಾಮೊಗ್ರಫಿ ಯಂತ್ರ ಹೊತ್ತುಕೊಂಡು ಹೋಗುವುದು ಆಗದ ಮಾತು. ಕೈಚೀಲದಲ್ಲಿ ಹಿಡಿಸುವ ಕ್ಯಾಮೆರಾ ಮತ್ತು ಒಂದು ಲ್ಯಾಪ್‌ಟಾಪ್ ಆದರೆ ಹೋಗಬಲ್ಲವು. ಹಾಗಿದ್ದ ಮೇಲೆ ಆ ಕ್ಯಾಮೆರಾವನ್ನೇ ಊರೂರಿಗೆ ಕಳಿಸಿಬಿಡಬಾರದೇಕೆ? ಈ ಅಧ್ಯಾಯದ ಪ್ರಶ್ನೆ ಇದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕ್ಯಾಮೆರಾ ಹೋಗಲಿ, ಆದರೆ ಒಂಟಿಯಾಗಿ ಹೋಗಬಾರದು, ಅದರ ಮಾತೇ ಕೊನೆಯ ಮಾತೂ ಆಗಬಾರದು. ಯಾಕೆ ಎಂಬುದನ್ನು ಸಾಕ್ಷ್ಯಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ನೋಡೋಣ.

ಮೊದಲು ಕ್ಯಾಮೆರಾ ಏನು ನೋಡುತ್ತದೆ ಎಂಬುದು ತಿಳಿಯಬೇಕು. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ, ಕೆಂಪು ಬಣ್ಣದ ಆಚೆಗೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಅದು ಏರಿತು. ಕಾಣದ ಆ ಕಿರಣಗಳೇ ಅವಕೆಂಪು. ಒಲೆಯ ಕೆಂಡದಿಂದ ಹಿಡಿದು ನಮ್ಮ ಚರ್ಮದವರೆಗೆ ಬಿಸಿಯಿರುವ ಎಲ್ಲವೂ ಇವನ್ನು ಹೊರಸೂಸುತ್ತವೆ. 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವ ಚರ್ಮದಿಂದ ಹೊರಡುವ ಕಿರಣಗಳ ತರಂಗಾಂತರ ಹೆಚ್ಚೂಕಡಿಮೆ 10 ಮೈಕ್ರೊಮೀಟರ್. ಉಷ್ಣ ಕ್ಯಾಮೆರಾ ಹಿಡಿಯುವುದು ಇದನ್ನೇ, ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ವ್ಯತ್ಯಾಸವನ್ನು ಬಣ್ಣಗಳಾಗಿ ಬಿಡಿಸಿ ತೋರಿಸುತ್ತದೆ. ಬೆಳೆಯುವ ಗಡ್ಡೆಗೆ ಆಹಾರ ಬೇಕು, ಅದಕ್ಕಾಗಿ ಅದು ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುತ್ತದೆ. ಸುತ್ತಲಿನ ನಾಳಗಳು ಹಿಗ್ಗುತ್ತವೆ, ಹೆಚ್ಚು ರಕ್ತ ಹರಿಯುತ್ತದೆ, ಆ ಜಾಗ ಬಿಸಿಯಾಗುತ್ತದೆ. ಆದರೆ ಕ್ಯಾಮೆರಾಕ್ಕೆ ಕಾಣುವುದು ಚರ್ಮದ ಬಿಸಿ ಮಾತ್ರ. ಎದೆಯ ಒಳಗೆ ಎರಡು ಮೂರು ಸೆಂಟಿಮೀಟರ್ ಆಳದಲ್ಲಿರುವ ಸಣ್ಣ ಗಡ್ಡೆಯ ಬಿಸಿ ಕೊಬ್ಬಿನ ಪದರ ದಾಟಿ ಮೇಲೆ ಬರುವಷ್ಟರಲ್ಲಿ ಹರಡಿಕೊಂಡು ತೆಳುವಾಗುತ್ತದೆ. ಕಂಬಳಿ ಹೊದ್ದವರ ಜ್ವರವನ್ನು ಕಂಬಳಿಯ ಮೇಲೆ ಕೈಯಿಟ್ಟು ಅಳೆದಂತೆ. ಜ್ವರ ಜೋರಿದ್ದರೆ ಗೊತ್ತಾದೀತು, ಮೈ ಬೆಚ್ಚಗಿದ್ದರೆ ಗೊತ್ತಾಗದು.

ಈ ಬಿಸಿಯನ್ನು ಮೊದಲು ಅಳೆದು ಬರೆದವರು ಕೆನಡಾದ ಮಾಂಟ್ರಿಯಲ್‌ನ ಶಸ್ತ್ರವೈದ್ಯ ರೇ ಲಾಸನ್. 1956ರಲ್ಲಿ ಅವರು ಸ್ತನ ಕ್ಯಾನ್ಸರ್ ಇರುವ ಜಾಗದ ಚರ್ಮ ಒಂದು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿರುವುದನ್ನು ತೋರಿಸಿದರು. ಉತ್ಸಾಹ ಎಷ್ಟಿತ್ತೆಂದರೆ, 1973ರಲ್ಲಿ ಅಮೆರಿಕ ಎರಡು ಲಕ್ಷ ಎಂಬತ್ತು ಸಾವಿರದಷ್ಟು ಮಹಿಳೆಯರನ್ನು ಸೇರಿಸಿಕೊಂಡ ಸ್ತನ ಕ್ಯಾನ್ಸರ್ ಪತ್ತೆ ಯೋಜನೆಯನ್ನು ಶುರುಮಾಡಿದಾಗ ಮ್ಯಾಮೊಗ್ರಾಂ ಮತ್ತು ಕೈಯಿಂದ ನೋಡುವ ಪರೀಕ್ಷೆಯ ಜೊತೆಗೆ ಉಷ್ಣಚಿತ್ರವನ್ನೂ ಇಟ್ಟುಕೊಂಡಿತು. ಕೆಲವೇ ವರ್ಷಗಳಲ್ಲಿ ಉಷ್ಣಚಿತ್ರವನ್ನು ಕೈಬಿಡಲಾಯಿತು, ಏಕೆಂದರೆ ಪತ್ತೆಯಾದ ಕ್ಯಾನ್ಸರ್‌ಗಳಲ್ಲಿ ಅರ್ಧದಷ್ಟನ್ನೂ ಅದು ಹಿಡಿದಿರಲಿಲ್ಲ. 1982ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಉಷ್ಣಚಿತ್ರಕ್ಕೆ ಒಪ್ಪಿಗೆ ಕೊಟ್ಟಿತಾದರೂ ಒಂದು ಷರತ್ತು ಹಾಕಿತು: ಬೇರೆ ಪರೀಕ್ಷೆಯ ಜೊತೆಗೆ ಪೂರಕವಾಗಿ ಮಾತ್ರ ಬಳಸಬೇಕು. ಮ್ಯಾಮೊಗ್ರಾಂ ಬದಲಿಗೆ ಇದನ್ನು ಮಾರಬೇಡಿ ಎಂದು ಆ ಸಂಸ್ಥೆ ಆಮೇಲೂ ಮತ್ತೆ ಮತ್ತೆ ಎಚ್ಚರಿಸುತ್ತಲೇ ಬಂದಿದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದನ್ನು ಮತ್ತೆ ತೆರೆದದ್ದು ನಮ್ಮ ಬೆಂಗಳೂರು. ಕಂಪ್ಯೂಟರ್ ವಿಜ್ಞಾನಿ ಗೀತಾ ಮಂಜುನಾಥ್ ಮತ್ತು ಅವರ ಸಂಗಡಿಗರು 2016ರಲ್ಲಿ ಕಟ್ಟಿದ ನಿರಾಮಯಿ ಕಂಪನಿಯ ವಾದ ಹೀಗಿತ್ತು: ಹಿಂದೆ ಸೋತದ್ದು ಬಿಸಿಯಲ್ಲ, ಅದನ್ನು ಓದಿದ ಕಣ್ಣು. ಬಣ್ಣಬಣ್ಣದ ಚಿತ್ರವನ್ನು ಮನುಷ್ಯ ನೋಡಿದರೆ ಒಬ್ಬರಿಗೆ ಒಂದು ಕಂಡೀತು, ಇನ್ನೊಬ್ಬರಿಗೆ ಇನ್ನೊಂದು. ಆದ್ದರಿಂದ ಓದುವ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸಿದರು. ಪರೀಕ್ಷೆಯ ಕ್ರಮ ಹೀಗೆ: ಮಹಿಳೆ ತಂಪಾದ ಕೋಣೆಯಲ್ಲಿ ಮೇಲುಡುಗೆ ತೆಗೆದು, ಕೈ ಎತ್ತಿ, ಮೈಯ ಬಿಸಿ ಒಂದು ಹದಕ್ಕೆ ಬರುವವರೆಗೆ ಕೆಲ ನಿಮಿಷ ಕೂರುತ್ತಾಳೆ. ಸುಮಾರು ಮೂರು ಅಡಿ ದೂರದಿಂದ ಕ್ಯಾಮೆರಾ ನೇರವಾಗಿ ಮತ್ತು ಪಕ್ಕಗಳಿಂದ ಚಿತ್ರ ತೆಗೆಯುತ್ತದೆ. ಯಾರೂ ಮುಟ್ಟುವುದಿಲ್ಲ. ಬಿಸಿ ಚುಕ್ಕೆಗಳನ್ನೂ ರಕ್ತನಾಳಗಳ ವಿನ್ಯಾಸವನ್ನೂ ಎಡಬಲಗಳ ಹೋಲಿಕೆಯನ್ನೂ ಲೆಕ್ಕಹಾಕಿ ತಂತ್ರಾಂಶ ಒಂದು ಅಂಕ ಕೊಡುತ್ತದೆ. 2020ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನದಲ್ಲಿ 470 ಮಹಿಳೆಯರನ್ನು ಹೀಗೆ ಪರೀಕ್ಷಿಸಲಾಯಿತು. ಅವರಲ್ಲಿ 78 ಮಂದಿಗೆ ಕ್ಯಾನ್ಸರ್ ಇತ್ತು, 71 ಮಂದಿಯನ್ನು ತಂತ್ರಾಂಶ ಹಿಡಿಯಿತು. ಅಂದರೆ ನೂರಕ್ಕೆ 91. ಕ್ಯಾನ್ಸರ್ ಇಲ್ಲದವರಲ್ಲಿ ನೂರಕ್ಕೆ 82 ಮಂದಿಯನ್ನು ಸರಿಯಾಗಿ 'ಇಲ್ಲ' ಎಂದಿತು. ಎಪ್ಪತ್ತರ ದಶಕದ ಫಲಿತಾಂಶದ ಪಕ್ಕದಲ್ಲಿಟ್ಟರೆ ಇದು ದೊಡ್ಡ ನೆಗೆತ, ಅನುಮಾನವಿಲ್ಲ.

ಇನ್ನು ಉಳಿದ ಪರೀಕ್ಷೆಗಳು. ಒಂದೊಂದೂ ಒಂದೊಂದು ಗುಣವನ್ನು ನೋಡುತ್ತದೆ. ಮ್ಯಾಮೊಗ್ರಾಂ ನೋಡುವುದು ಸಾಂದ್ರತೆಯನ್ನು. ಕೈಗೆ ಸಿಗದ, ಮಿಲಿಮೀಟರಿಗಿಂತಲೂ ಸಣ್ಣದಾದ ಸುಣ್ಣದ ಕಣಗಳು ಅದರಲ್ಲಿ ಬೆಳ್ಳಗೆ ಕಾಣುತ್ತವೆ, ಹಲವು ಬಾರಿ ಕ್ಯಾನ್ಸರಿನ ಮೊದಲ ಗುರುತು ಅವೇ. ಐವತ್ತು ದಾಟಿದವರಲ್ಲಿ ಅದು ಸಾವನ್ನು ತಗ್ಗಿಸುತ್ತದೆ ಎಂಬುದಕ್ಕೆ 1977ರಲ್ಲಿ ಶುರುವಾದ ಸ್ವೀಡನ್ನಿನ ಎರಡು ಜಿಲ್ಲೆಗಳ ಪ್ರಯೋಗದಂಥ ದೊಡ್ಡ ಸಾಕ್ಷ್ಯಗಳಿವೆ. ಎರಡೂ ಕಡೆಯ ಮ್ಯಾಮೊಗ್ರಾಂನಿಂದ ಮೈಗೆ ಸೇರುವ ವಿಕಿರಣ ಸುಮಾರು 0.4 ಮಿಲಿಸೀವರ್ಟ್, ನಾವು ಸುಮ್ಮನೆ ಬದುಕಿದ್ದರೂ ಏಳು ವಾರಗಳಲ್ಲಿ ಪ್ರಕೃತಿಯಿಂದ ಪಡೆಯುವಷ್ಟು. ಅದರ ನಿಜವಾದ ತೊಡಕು ಬೇರೆ: ಹರೆಯದ ಎದೆಯಲ್ಲಿ ಗ್ರಂಥಿ ದಟ್ಟವಾಗಿದ್ದು ಅದೂ ಬೆಳ್ಳಗೆ ಕಾಣುತ್ತದೆ, ಗಡ್ಡೆಯೂ ಬೆಳ್ಳಗೆ ಕಾಣುತ್ತದೆ. ಹತ್ತಿಯ ರಾಶಿಯಲ್ಲಿ ಹತ್ತಿಯ ಉಂಡೆ ಹುಡುಕಿದಂತಾಗುತ್ತದೆ. ನಮ್ಮ ದೇಶದಲ್ಲಿ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಈ ರೋಗ ಬರುವುದು ಹೆಚ್ಚು, ಹಾಗಾಗಿ ಈ ತೊಡಕೂ ನಮಗೆ ಹೆಚ್ಚು. ಅಲ್ಟ್ರಾಸೌಂಡ್ ದಟ್ಟವಾದ ಎದೆಯಲ್ಲೂ ಕೆಲಸ ಮಾಡುತ್ತದೆ, ನೀರು ತುಂಬಿದ ಗುಳ್ಳೆ ಯಾವುದು, ಗಟ್ಟಿ ಗಡ್ಡೆ ಯಾವುದು ಎಂದು ಬೇರ್ಪಡಿಸುತ್ತದೆ. ಆದರೆ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಿಂದಾಗಿ ಪ್ರತಿ ಸ್ಕ್ಯಾನಿಂಗ್ ಯಂತ್ರವೂ ನೋಂದಣಿಯಾಗಿರಬೇಕು, ಬೇಕೆಂದಲ್ಲಿಗೆ ಹೊತ್ತೊಯ್ಯುವಂತಿಲ್ಲ. ಕಾಯ್ದೆ ಬೇಕಾದದ್ದೇ, ಆದರೆ ಹಳ್ಳಿಯ ಶಿಬಿರಗಳಲ್ಲಿ ಉಷ್ಣ ಕ್ಯಾಮೆರಾ ಇಷ್ಟೊಂದು ಆಕರ್ಷಕವಾಗಿ ಕಾಣಲು ಇದೂ ಒಂದು ಕಾರಣ. ಎಂಆರ್‌ಐ ಇವೆಲ್ಲಕ್ಕಿಂತ ಸೂಕ್ಷ್ಮ, ಇವೆಲ್ಲಕ್ಕಿಂತ ದುಬಾರಿ. ಕಡೆಯಲ್ಲಿ ತೀರ್ಪು ಕೊಡುವುದು ಸೂಜಿ ಮಾತ್ರ. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡದೆ ಕ್ಯಾನ್ಸರ್ ಇದೆ ಎಂದು ಯಾವ ಯಂತ್ರವೂ ಹೇಳಲಾರದು.

ಯಂತ್ರವೇ ಇಲ್ಲದ ಒಂದು ಪರೀಕ್ಷೆಯೂ ಇದೆ, ಕೈಯ ಪರೀಕ್ಷೆ. ಸರಿಯಾಗಿ ಕಲಿತವರು ಮಾಡುವುದನ್ನು ಹತ್ತಿರದಿಂದ ಗಮನಿಸಿದರೆ ಅದರ ಶಿಸ್ತು ತಿಳಿಯುತ್ತದೆ. ನಡುವಿನ ಮೂರು ಬೆರಳುಗಳ ತುದಿಯಲ್ಲ, ಮೆತ್ತನೆಯ ಒಳಭಾಗ ಬಳಸಬೇಕು. ಒಂದೊಂದು ಜಾಗದಲ್ಲೂ ಸಣ್ಣ ಸುತ್ತು ಹಾಕುತ್ತಾ ಮೂರು ಹದದಲ್ಲಿ ಒತ್ತಬೇಕು: ಚರ್ಮದಡಿಗೆ ಮೆಲ್ಲಗೆ, ನಡುವಿಗೆ ಸ್ವಲ್ಪ ಬಿಗಿಯಾಗಿ, ಪಕ್ಕೆಲುಬಿನವರೆಗೆ ಗಟ್ಟಿಯಾಗಿ. ಕಂಕುಳಿಂದ ಎದೆಮೂಳೆಯವರೆಗೆ ಮೇಲೆ ಕೆಳಗೆ, ಹೊಲ ಉತ್ತ ಹಾಗೆ, ಸಾಲಿಗೆ ಸಾಲು ತಾಗಿದಂತೆ, ನಡುವೆ ಒಂದಿಂಚೂ ಬಿಡದೆ ಸಾಗಬೇಕು. ಕಂಕುಳು, ಕೊರಳೆಲುಬಿನ ಮೇಲೆ ಕೆಳಗೆ ಗಂಟು ಇದೆಯೇ ನೋಡಬೇಕು. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಇದೇ ಪರೀಕ್ಷೆಯನ್ನು ಗೊತ್ತುಮಾಡಿದೆ. ಮಾಡಬೇಕಾದವರಲ್ಲಿ ಊರವರು ನರ್ಸಮ್ಮ ಎನ್ನುವ ಉಪಕೇಂದ್ರದ ಆರೋಗ್ಯ ಸಹಾಯಕಿಯೂ ಒಬ್ಬರು. ಕೈಯ ಪರವಾಗಿ ಇರುವ ಅತಿ ದೊಡ್ಡ ಸಾಕ್ಷ್ಯ ನಮ್ಮ ದೇಶದ್ದೇ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರ ನಡುವೆ ಶುರುಮಾಡಿದ ಪ್ರಯೋಗದ ಫಲಿತಾಂಶ 2021ರಲ್ಲಿ ಹೊರಬಂತು. ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ನೋಡಿದ ಗುಂಪಿನಲ್ಲಿ, ಬಲಿತ ಹಂತದಲ್ಲಿ ಸಿಕ್ಕ ಕ್ಯಾನ್ಸರ್‌ಗಳ ಪ್ರಮಾಣ ನೂರಕ್ಕೆ 47ರಿಂದ 37ಕ್ಕೆ ಇಳಿಯಿತು. ಐವತ್ತು ದಾಟಿದವರಲ್ಲಿ ಸಾವು ಸುಮಾರು ನೂರಕ್ಕೆ 30ರಷ್ಟು ತಗ್ಗಿತು.

ಇಲ್ಲಿ ಚುರುಕಾದ ಓದುಗರು ತಡೆಯುತ್ತಾರೆ. ತಿರುವನಂತಪುರದಲ್ಲಿ ಒಂದು ಲಕ್ಷ ಹದಿನೈದು ಸಾವಿರ ಮಹಿಳೆಯರ ನಡುವೆ ನಡೆದು 2011ರಲ್ಲಿ ವರದಿಯಾದ ಅಂಥದೇ ಪ್ರಯೋಗದಲ್ಲಿ ಕೈಯ ಪರೀಕ್ಷೆ ಹಿಡಿದದ್ದು ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 52ನ್ನು ಮಾತ್ರ. ಕ್ಯಾಮೆರಾ ಹಿಡಿದದ್ದು 91. ಐವತ್ತೆರಡು ದೊಡ್ಡದೋ ತೊಂಬತ್ತೊಂದು ದೊಡ್ಡದೋ? ಆಕ್ಷೇಪ ಬಲವಾದದ್ದು, ಆದರೆ ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ತಿರುವನಂತಪುರದಲ್ಲಿ ಪರೀಕ್ಷೆಗೆ ಒಳಗಾದವರು ಮನೆಮನೆಯ ಆರೋಗ್ಯವಂತ ಹೆಂಗಸರು. ಬೆಂಗಳೂರಿನ 470 ಮಂದಿ ಆಸ್ಪತ್ರೆಗೆ ಬಂದವರು, ಅರ್ಧದಷ್ಟು ಜನಕ್ಕೆ ಆಗಲೇ ಗಂಟೋ ನೋವೋ ಇತ್ತು, ಆರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇತ್ತು. ಕೈಗೆ ಸಿಗುವಷ್ಟು ದೊಡ್ಡದಾದ ಗಡ್ಡೆ ಕ್ಯಾಮೆರಾಕ್ಕೂ ಸುಲಭವಾಗಿಯೇ ಸಿಗುತ್ತದೆ. ಲಕ್ಷಣ ಇಲ್ಲದವರಲ್ಲಿ ಕ್ಯಾಮೆರಾ ನೂರಕ್ಕೆ ನೂರು ಹಿಡಿಯಿತು ಎಂಬುದು ಕೇಳಲು ಚೆನ್ನಾಗಿದೆ, ಆದರೆ ಆ ನೂರರ ಹಿಂದೆ ಇದ್ದ ಕ್ಯಾನ್ಸರ್‌ಗಳು ಒಂಬತ್ತೇ ಒಂಬತ್ತು. ಒಂದು ತಪ್ಪಿದ್ದರೂ ಅಂಕಿ 89ಕ್ಕೆ ಬೀಳುತ್ತಿತ್ತು. ಮುಖ್ಯವಾಗಿ, ಎಷ್ಟು ಹಿಡಿಯಿತು ಎಂಬುದು ಒಂದು ಪ್ರಶ್ನೆ, ಹಿಡಿದದ್ದರಿಂದ ಎಷ್ಟು ಜನ ಬದುಕಿದರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕ್ಯಾಮೆರಾದ ಬಳಿ ಉತ್ತರವಿದೆ. ಎರಡನೆಯದಕ್ಕೆ ಉತ್ತರ ಹೇಳುವಂಥ ದೀರ್ಘ ಪ್ರಯೋಗ ಕೈಗೆ ಆಗಿದೆ, ಮ್ಯಾಮೊಗ್ರಾಂಗೆ ಆಗಿದೆ, ಕ್ಯಾಮೆರಾಕ್ಕೆ ಆಗಿಲ್ಲ.

ಅಂಕಿಗಳನ್ನು ಹಳ್ಳಿಗೆ ಇಳಿಸಿ ನೋಡಿದರೆ ವಿಷಯ ಇನ್ನೂ ನಿಚ್ಚಳವಾಗುತ್ತದೆ. ತಿ. ನರಸೀಪುರ ತಾಲ್ಲೂಕಿನ ಕೆಲವು ಹಳ್ಳಿಗಳಿಂದ, ಯಾವ ತೊಂದರೆಯೂ ಇಲ್ಲದ ಸಾವಿರ ಮಹಿಳೆಯರು ಶಿಬಿರಕ್ಕೆ ಬಂದರು ಎಂದಿಟ್ಟುಕೊಳ್ಳೋಣ. ಅವರಲ್ಲಿ ಇಬ್ಬರಿಗೆ ಗೊತ್ತಿಲ್ಲದಂತೆ ಕ್ಯಾನ್ಸರ್ ಇದೆ ಎಂದೂ ಇಟ್ಟುಕೊಳ್ಳೋಣ. ಕ್ಯಾಮೆರಾ ಇಬ್ಬರನ್ನೂ ಹಿಡಿಯಿತು ಎಂದು ಉದಾರವಾಗಿಯೇ ಲೆಕ್ಕ ಹಾಕಿ. ಉಳಿದ 998 ಮಂದಿಯಲ್ಲಿ ನೂರಕ್ಕೆ 82ರಂತೆ ಸರಿಯಾಗಿ 'ಇಲ್ಲ' ಎಂದರೆ, ಏನೂ ಇಲ್ಲದ 180 ಹೆಂಗಸರಿಗೆ 'ಅನುಮಾನವಿದೆ' ಎಂಬ ಚೀಟಿ ಸಿಗುತ್ತದೆ. ಲಕ್ಷಣವಿಲ್ಲದವರಲ್ಲಿ ಕ್ಯಾಮೆರಾ ಇನ್ನೂ ಮೇಲು, ಬೆಂಗಳೂರಿನ ಅಧ್ಯಯನದಲ್ಲೇ ಅದು ನೂರಕ್ಕೆ 92 ಇತ್ತು ಎಂದು ಅದರ ಪರವಾದವರು ನೆನಪಿಸಬಹುದು, ಸರಿ. ಆಗಲೂ 80 ಚೀಟಿ. ಕೈಯ ಪರೀಕ್ಷೆಯಲ್ಲಿ, ತಿರುವನಂತಪುರದ ಲೆಕ್ಕದಂತೆ, 57. ಚೀಟಿ ಹಿಡಿದ ಪ್ರತಿಯೊಬ್ಬರೂ ಮೈಸೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಬೇಕು, ಕೆಲವರು ಸೂಜಿ ಚುಚ್ಚಿಸಿಕೊಳ್ಳಬೇಕು, ಎಲ್ಲರೂ ಆ ದಿನಗಳನ್ನು ನಿದ್ದೆಯಿಲ್ಲದೆ ಕಳೆಯಬೇಕು. ಉಷ್ಣಚಿತ್ರಕ್ಕೆ ಇಲ್ಲಿ ಇನ್ನೊಂದು ತೊಂದರೆ ಇದೆ. ಕೈಗೆ ಗಂಟು ಸಿಕ್ಕರೆ ಸೂಜಿ ಎಲ್ಲಿಗೆ ಹಾಕಬೇಕೆಂದು ಗೊತ್ತು. ಮ್ಯಾಮೊಗ್ರಾಂನಲ್ಲಿ ಚುಕ್ಕೆ ಕಂಡರೂ ಗೊತ್ತು. ಬರೀ ಬಿಸಿ ಕಂಡು, ಸ್ಕ್ಯಾನಿಂಗಿನಲ್ಲಿ ಏನೂ ಸಿಗದಿದ್ದರೆ ವೈದ್ಯರು ಸೂಜಿ ಎಲ್ಲಿ ಹಾಕಿಯಾರು? ಗಡ್ಡೆ ಮೂಡುವ ಎಷ್ಟೋ ವರ್ಷ ಮೊದಲೇ ಕ್ಯಾಮೆರಾ ಎಚ್ಚರಿಸುತ್ತದೆ ಎಂಬ ಜಾಹೀರಾತಿನ ಮಾತು ನಿಜವೆಂದೇ ಒಪ್ಪಿದರೂ, ಆ ಎಚ್ಚರಿಕೆಯಿಂದ ಆ ಹೆಂಗಸಿಗೆ ಸಿಗುವುದು ಭಯ ಮಾತ್ರ.

ಬಲವಾದ ಇನ್ನೊಂದು ಆಕ್ಷೇಪ ಸಂಕೋಚದ್ದು. ದೇಶದಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕೈಯಿಂದ ಮುಟ್ಟಿಸಿಕೊಳ್ಳಲು ಒಲ್ಲದವರು ಕ್ಯಾಮೆರಾ ಎಂದರೆ ಬಂದಾರು, ಬಾರದ ಒಳ್ಳೆಯ ಪರೀಕ್ಷೆಗಿಂತ ಬರುವ ಸಾಧಾರಣ ಪರೀಕ್ಷೆಯೇ ಮೇಲಲ್ಲವೇ? ಈ ವಾದದ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕ್ಯಾಮೆರಾಕ್ಕೆ ಕರೆಯುವ ಶಕ್ತಿ ಇದೆ, ಅದನ್ನು ಬಳಸಿಕೊಳ್ಳಬೇಕು. ಉಳಿದರ್ಧ ಅಪಾಯಕಾರಿ. ಎದೆಯಲ್ಲಿ ಗಂಟಿರುವ ಹೆಂಗಸಿಗೆ ಉಷ್ಣಚಿತ್ರ 'ಸರಿಯಾಗಿದೆ' ಎಂದರೆ ಆಕೆ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾಳೆ. ಬೆಂಗಳೂರಿನ ಅಧ್ಯಯನದ 78ರಲ್ಲಿ 7 ಮಂದಿ ಹೀಗೆ 'ಸರಿಯಾಗಿದ್ದವರು' ಎಂಬುದನ್ನು ಮರೆಯಬಾರದು. ಆರಂಭದ ಗಂಟು ಬಹಳ ಸಲ ನೋಯುವುದಿಲ್ಲ, ನೋಯದ್ದನ್ನು ಮುಂದೂಡಲು ನೆವ ಬೇಕಿಲ್ಲ. ಮುಂದೂಡಲು ಒಂದು ಬಣ್ಣದ ಚಿತ್ರವೇ ಪ್ರಮಾಣಪತ್ರವಾದರೆ ಪರೀಕ್ಷೆ ಮಾಡಿಸದೆ ಇದ್ದದ್ದಕ್ಕಿಂತ ಕೇಡು. ಸಂಕೋಚಕ್ಕೆ ಇನ್ನೊಂದು ಮದ್ದೂ ಇದೆ: ಪರೀಕ್ಷೆ ಮಾಡುವವರು ಹೆಂಗಸರೇ, ಊರಿಗೆ ಪರಿಚಿತರೇ ಆಗಿರುವುದು. ಬಾಣಂತನದಲ್ಲಿ, ಮಗುವಿನ ಚುಚ್ಚುಮದ್ದಿನಲ್ಲಿ ಮನೆಯವರಂತೆ ಒಡನಾಡಿದ ನರ್ಸಮ್ಮನ ಕೈಗೆ, ಆಶಾ ಕಾರ್ಯಕರ್ತೆಯ ಮಾತಿಗೆ ಇರುವ ಸಲುಗೆ ಯಾವ ಯಂತ್ರಕ್ಕೂ ಇಲ್ಲ.

ಹವೆಯ ಮಾತನ್ನೂ ಮರೆಯುವಂತಿಲ್ಲ. ಉಷ್ಣಚಿತ್ರ ಸರಿಯಾಗಿ ಬರಬೇಕಾದರೆ ಕೋಣೆ ತಂಪಾಗಿರಬೇಕು, ಗಾಳಿ ನೇರವಾಗಿ ಮೈಗೆ ಬೀಸಬಾರದು, ಮೈ ಆರಿರಬೇಕು. ಏಪ್ರಿಲ್ ತಿಂಗಳ ನಂಜನಗೂಡಿನಲ್ಲಿ ಬಿಸಿಲಲ್ಲಿ ನಡೆದು ಬಂದ ಹೆಂಗಸು, ಶಾಲೆಯ ಕೋಣೆಯೊಂದರಲ್ಲಿ, ಕರೆಂಟು ಹೋಗಿ ಬರುವ ನಡುವೆ ಕೂತರೆ ಸಿಗುವುದು ಗಡ್ಡೆಯ ಬಿಸಿಯೋ ಬಿಸಿಲಿನ ಬಿಸಿಯೋ? ಹಾಲೂಡಿಸುವವರ ಎದೆ, ಬಾವು ಬಂದ ಎದೆ ಕ್ಯಾನ್ಸರ್ ಇಲ್ಲದೆಯೂ ಬಿಸಿಯಾಗಿರುತ್ತದೆ. ಇವೆಲ್ಲ ನಿಭಾಯಿಸಲಾಗದ ತೊಡಕುಗಳೇನಲ್ಲ. ಆದರೆ ಆಸ್ಪತ್ರೆಯ ಹವಾನಿಯಂತ್ರಿತ ಕೋಣೆಯಲ್ಲಿ ಬಂದ ಅಂಕಿಯನ್ನು ಶಿಬಿರದ ಕೋಣೆಗೆ ಹಾಗೇ ಎತ್ತಿಕೊಂಡು ಬರಲಾಗದು.

ಈ ಎಲ್ಲ ಹೋಲಿಕೆಯ ಕೊನೆಗೆ ನಿಜವಾದ ಅಡ್ಡಿ ಯಂತ್ರದಲ್ಲಿಲ್ಲ, ದಾರಿಯಲ್ಲಿದೆ ಎಂಬುದು ಕಾಣುತ್ತದೆ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ವರ್ಷ 1.92 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬಂತು, 98 ಸಾವಿರ ಮಂದಿ ಅದರಿಂದ ತೀರಿಕೊಂಡರು. 2010ರಿಂದ 2014ರ ನಡುವೆ ರೋಗ ಪತ್ತೆಯಾದವರಲ್ಲಿ ಐದು ವರ್ಷ ಬದುಕುಳಿದವರು ಅಮೆರಿಕದಲ್ಲಿ ನೂರಕ್ಕೆ 90, ನಮ್ಮಲ್ಲಿ 66. ಈ ಅಂತರಕ್ಕೆ ದೊಡ್ಡ ಕಾರಣ ತಡವಾಗಿ ಬರುವುದು, ಬಂದ ಮೇಲೂ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಮೂರು ಗುರಿ ಇಟ್ಟಿತು: ನೂರಕ್ಕೆ 60ಕ್ಕೂ ಹೆಚ್ಚು ಕ್ಯಾನ್ಸರ್‌ಗಳು ಮೊದಲೆರಡು ಹಂತದಲ್ಲೇ ಸಿಗಬೇಕು, ಮೊದಲ ಸಲ ವೈದ್ಯರ ಬಳಿ ಬಂದ 60 ದಿನದೊಳಗೆ ರೋಗ ಖಚಿತವಾಗಬೇಕು, ನೂರಕ್ಕೆ 80 ಮಂದಿ ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು. ಇದರಲ್ಲಿ ಯಾವ ಯಂತ್ರದ ಹೆಸರೂ ಇಲ್ಲ. ನಂಜನಗೂಡಿನಿಂದ ಮೈಸೂರಿಗೆ ಇಪ್ಪತ್ತೈದು ಕಿಲೋಮೀಟರ್ ಒಳಗೆ, ರೈಲೂ ಇದೆ ಬಸ್ಸೂ ಇದೆ. ತಿ. ನರಸೀಪುರದವರಿಗೆ ಬಸ್ಸು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಭಾರತ್ ಕ್ಯಾನ್ಸರ್ ಆಸ್ಪತ್ರೆ ಕೂಗಳತೆಯಲ್ಲಿವೆ. ಹಾಗಿದ್ದೂ ಗಂಟು ಸಿಕ್ಕ ಹೆಂಗಸು ಅಲ್ಲಿಗೆ ತಲುಪದಿದ್ದರೆ ಅದಕ್ಕೆ ಕಾರಣ ಕೂಲಿ ಕಳೆದುಹೋಗುವ ದಿನ, ಜೊತೆಗೆ ಬರುವವರಿಲ್ಲದಿರುವುದು, ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯದಿರುವುದು. ಕ್ಯಾಮೆರಾ ಇವುಗಳಲ್ಲಿ ಒಂದನ್ನೂ ಬಗೆಹರಿಸುವುದಿಲ್ಲ. ಚೀಟಿ ಕೊಟ್ಟವರೇ ಮೈಸೂರಿನಲ್ಲಿ ದಿನ ಗೊತ್ತುಮಾಡಿ, ಹೋದರೇ ಎಂದು ಮತ್ತೆ ವಿಚಾರಿಸುವ ವ್ಯವಸ್ಥೆ ಬಗೆಹರಿಸುತ್ತದೆ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಗಂಟು ಇದೆ, ತೊಟ್ಟು ಒಳಸೇರಿದೆ, ತೊಟ್ಟಿನಿಂದ ರಕ್ತ ಬರುತ್ತಿದೆ, ಚರ್ಮ ಕಿತ್ತಳೆ ಸಿಪ್ಪೆಯಂತಾಗಿದೆ ಎನ್ನುವವರಿಗೆ ಕ್ಯಾಮೆರಾ ಬೇಡವೇ ಬೇಡ, ಅವರು ನೇರವಾಗಿ ಸ್ಕ್ಯಾನಿಂಗಿಗೆ, ಸೂಜಿಗೆ ಹೋಗಬೇಕು. ಏನೂ ಇಲ್ಲದವರಿಗೆ ಮೊದಲು ಕಲಿತ ಕೈ, ಐವತ್ತು ದಾಟಿದವರಿಗೆ ಸಿಕ್ಕ ಕಡೆ ಮ್ಯಾಮೊಗ್ರಾಂ. ಕ್ಯಾಮೆರಾವನ್ನು ಶಿಬಿರಕ್ಕೆ ತರುವುದಾದರೆ ಅದೇ ದಿನ, ಅದೇ ಕೋಣೆಯಲ್ಲಿ ಕೈಯ ಪರೀಕ್ಷೆಯೂ ಆಗಬೇಕು, ಎರಡರಲ್ಲಿ ಯಾವುದು ಅನುಮಾನಿಸಿದರೂ ಮುಂದಕ್ಕೆ ಕಳಿಸಬೇಕು, ಕಳಿಸಿದವರ ಲೆಕ್ಕ ಇಡಬೇಕು. ಆ ಲೆಕ್ಕವೇ ನಾಳೆ ಕ್ಯಾಮೆರಾದ ಯೋಗ್ಯತೆಯನ್ನು ನಿಜವಾಗಿ ಹೇಳಬಲ್ಲ ಸಾಕ್ಷ್ಯವಾದೀತು, ಆಗ ಈ ತೀರ್ಮಾನವನ್ನು ತಿದ್ದಲು ನಾನು ಸಿದ್ಧ. ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು. ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ಯಾವ ಯಂತ್ರ ಏನೇ ಹೇಳಿರಲಿ, ನಂಬಿಕೆಯಿದ್ದರೆ ನಂಜುಂಡೇಶ್ವರನಿಗೆ ಹರಕೆ ಹೊರಿ, ಆದರೆ ಆ ವಾರವೇ ಮೈಸೂರಿನ ಬಸ್ಸನ್ನೂ ಹತ್ತಿ.